ಐದು ಊರು, ಒಂದು ಡೊಮೈನ್: ಡಿಎನ್‌ಎಸ್ ಸರ್ವರ್ ಎಲ್ಲಿ ಕೂರಬೇಕು?

"ನೆಟ್ ಉಂಟು ಮಾರಾಯ್ರೆ, ಆದ್ರೆ ಎಂತದೂ ಓಪನ್ ಆಗುದಿಲ್ಲ."

ಮಂಗಳೂರಿನ ಬೈಕಂಪಾಡಿ ಗೋದಾಮಿನಿಂದ ಬಂದ ಈ ಫೋನಿನಿಂದಲೇ ಎಲ್ಲ ಶುರುವಾಯಿತು. ಮಳೆಗಾಲ. ರಸ್ತೆ ಅಗೆಯುವವರು ಎಲ್ಲೋ ಫೈಬರ್ ಕಿತ್ತಿದ್ದರು. ಬೆಂಗಳೂರಿಗೆ ಬರುವ ವಿಪಿಎನ್ (ಕಚೇರಿಗಳನ್ನು ಜೋಡಿಸುವ ಖಾಸಗಿ ಸಂಪರ್ಕ) ಬಿದ್ದಿತ್ತು. ಅದು ಹೊಸದೇನಲ್ಲ. ಅದಕ್ಕೆಂದೇ ಅಲ್ಲಿ ಇನ್ನೊಂದು ಬ್ರಾಡ್‌ಬ್ಯಾಂಡ್ ಹಾಕಿಸಿದ್ದೆವು, ಅದು ಚೆನ್ನಾಗಿಯೇ ಓಡುತ್ತಿತ್ತು. ಆದರೂ ಇ-ವೇ ಬಿಲ್ ಪೋರ್ಟಲ್ ತೆರೆಯುತ್ತಿಲ್ಲ. ಲೋಡ್ ಆದ ಲಾರಿಗಳು ಗೇಟಿನಲ್ಲಿ ನಿಂತಿವೆ. ಪಕ್ಕದ ರೂಮಿನಲ್ಲೇ ಇರುವ ಪ್ರಿಂಟರ್ ಕೂಡ ಸಿಗುತ್ತಿಲ್ಲ.

ಕಾರಣ ಗೊತ್ತಾಗಲು ಐದು ನಿಮಿಷ ಬೇಕಾಗಲಿಲ್ಲ. ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್ ಸರ್ವರ್‌ನ ಕೆಲಸ. ಅಲ್ಲಿನ ಎಲ್ಲ ಕಂಪ್ಯೂಟರ್‌ಗಳಿಗೂ ಡಿಎನ್‌ಎಸ್ ಎಂದು ಕೊಟ್ಟಿದ್ದು ಬೆಂಗಳೂರಿನ ಎರಡು ಸರ್ವರ್‌ಗಳನ್ನು. ವಿಪಿಎನ್ ಬಿದ್ದ ಮೇಲೆ ಹೆಸರು ಕೇಳಲು ಯಾರೂ ಇಲ್ಲ. ಹೀಗೆ ಕೊಟ್ಟವನು ನಾನೇ.

ನಮ್ಮದು ದೊಡ್ಡ ಜಾಲವೇನಲ್ಲ. ಪೀಣ್ಯದಲ್ಲಿ ಮುಖ್ಯ ಕಚೇರಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕಾರ್ಖಾನೆ, ಬೈಕಂಪಾಡಿಯಲ್ಲಿ ಗೋದಾಮು, ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಒಂದು ಚಿಕ್ಕ ಘಟಕ, ಹೊಸೂರಿನಲ್ಲಿ ಆರು ಜನರ ಕಚೇರಿ. ಎಲ್ಲಕ್ಕೂ ಸೇರಿ ಒಂದೇ ಆಕ್ಟಿವ್ ಡೈರೆಕ್ಟರಿ ಡೊಮೈನ್, ಅಂದರೆ ಎಲ್ಲರ ಲಾಗಿನ್, ಕಂಪ್ಯೂಟರ್‌ಗಳನ್ನು ಒಟ್ಟಿಗೆ ನೋಡಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ. ಆ ಫೋನ್ ಬಂದ ಮೇಲೆ ಸುಮಾರು ಒಂದು ವರ್ಷ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ರೀತಿಯ ಡಿಎನ್‌ಎಸ್ ಇಟ್ಟು ನೋಡಿದೆ.

ಪರೀಕ್ಷೆ ಒಂದೇ: ಶನಿವಾರ ಮಧ್ಯಾಹ್ನ ವಿಪಿಎನ್ ರೂಟರ್‌ನ ಕೇಬಲ್ ಕಿತ್ತು ಕೂರೋದು. ಆ ಊರಿನ ಫೈಲ್ ಸರ್ವರ್, ಪ್ರಿಂಟರ್ ಹೆಸರಿನಿಂದ ಸಿಗುತ್ತವೆಯೇ? ಹೊರಗಿನ ವೆಬ್‌ಸೈಟ್ ತೆರೆಯುತ್ತದೆಯೇ? ಎಷ್ಟು ಹೊತ್ತು ಹೀಗೇ ನಡೆಯುತ್ತದೆ? ವೇಗವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೈಕಂಪಾಡಿಯಿಂದ ಪೀಣ್ಯಕ್ಕೆ ಕೇಳಿ ಉತ್ತರ ಬರಲು 20 ಮಿಲಿಸೆಕೆಂಡ್ ಕೂಡ ಬೇಡ, ಬಂದ ಉತ್ತರ ಕಂಪ್ಯೂಟರ್‌ನಲ್ಲೇ ಸ್ವಲ್ಪ ಹೊತ್ತು ಉಳಿದಿರುತ್ತದೆ ಬೇರೆ. ಶಾಖೆಗಳು ದುಬೈಗೋ ಸಿಂಗಪುರಕ್ಕೋ ಹೋದರೆ ಮಾತು ಬೇರೆ, ಇಷ್ಟು ಹತ್ತಿರದ ಊರುಗಳ ನಡುವೆ ಇದು ಚರ್ಚೆಯ ವಿಷಯವೇ ಅಲ್ಲ.

ಎಲ್ಲವೂ ಬೆಂಗಳೂರಿಗೆ

ಇದು ಮೊದಲಿದ್ದ ವ್ಯವಸ್ಥೆ. ಎರಡು ಡೊಮೈನ್ ಕಂಟ್ರೋಲರ್ (ಆಕ್ಟಿವ್ ಡೈರೆಕ್ಟರಿ ಓಡುವ ಸರ್ವರ್), ಎರಡರಲ್ಲೂ ಡಿಎನ್‌ಎಸ್, ಐದೂ ಊರಿನವರು ಅಲ್ಲಿಗೇ ಬರಬೇಕು. ನೋಡಿಕೊಳ್ಳಲು ಇದಕ್ಕಿಂತ ಸುಲಭದ್ದು ಇಲ್ಲ. ಒಂದು ಹೆಸರು ಸೇರಿಸಿದರೆ ಆ ಕ್ಷಣದಿಂದ ಎಲ್ಲರಿಗೂ ಸಿಗುತ್ತದೆ. ಲಿಂಕ್ ಇರುವ ದಿನ ಇದೇ ಎಲ್ಲಕ್ಕಿಂತ ಒಳ್ಳೆಯದು, ಸುಳ್ಳು ಹೇಳಬಾರದು. ಲಿಂಕ್ ಹೋದ ದಿನ ಏನಾಗುತ್ತದೆ ಎಂದು ಮೇಲೆ ಹೇಳಿಯಾಗಿದೆ.

8.8.8.8 ಸೇರಿಸೋದು

ಬೈಕಂಪಾಡಿ ಘಟನೆಯ ಮಾರನೇ ದಿನ ನಾನು ಮಾಡಿದ ಮೊದಲ ರಿಪೇರಿ ಇದು. ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ, ಡಿಎನ್‌ಎಸ್ ಪಟ್ಟಿ ಹಂಚುವ ಡಿಎಚ್‌ಸಿಪಿಯಲ್ಲಿ ಮೊದಲ ಡಿಎನ್‌ಎಸ್ ಬೆಂಗಳೂರಿನದು, ಎರಡನೆಯದು ಗೂಗಲ್‌ನ 8.8.8.8. ಲಿಂಕ್ ಇದ್ದರೆ ನಮ್ಮದು, ಇಲ್ಲದಿದ್ದರೆ ಅವರದು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ?

ಎರಡು ವಾರದಲ್ಲಿ ವಿಚಿತ್ರ ದೂರುಗಳು ಬರತೊಡಗಿದವು. "ಬೆಳಿಗ್ಗೆ ಫೈಲ್ ಸರ್ವರ್ ಸಿಗಲಿಲ್ಲ, ಈಗ ಸಿಗ್ತಾ ಇದೆ." "ನನ್ನ ಕಂಪ್ಯೂಟರ್‌ನಲ್ಲಿ ಇಲ್ಲ, ಪಕ್ಕದವರದ್ದರಲ್ಲಿ ಇದೆ." ಲಿಂಕ್ ನೋಡಿದರೆ ಸರಿ ಇದೆ.

ಆಗುತ್ತಿದ್ದುದು ಇಷ್ಟು. ವಿಂಡೋಸ್ ಮೊದಲ ಸರ್ವರ್‌ಗೆ ಪ್ರಶ್ನೆ ಕಳಿಸಿ ಸುಮಾರು 1 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಎರಡನೆಯದನ್ನು ಕೇಳುತ್ತದೆ. ವಿಪಿಎನ್ ಒಂದು ಕ್ಷಣ ತಡವರಿಸಿದರೂ ಸಾಕು, ನಮ್ಮ ಒಳಗಿನ ಹೆಸರಿನ ಪ್ರಶ್ನೆ ಗೂಗಲ್‌ಗೆ ಹೋಗುತ್ತದೆ. ಅದಕ್ಕೆ ನಮ್ಮ ಫೈಲ್ ಸರ್ವರ್ ಹೇಗೆ ಗೊತ್ತಿರಬೇಕು? ಅಂಥ ಹೆಸರೇ ಇಲ್ಲ ಎಂದು ಹೇಳುತ್ತದೆ. ತಪ್ಪು ಅದರದ್ದಲ್ಲ.

ಇಲ್ಲಿರುವ ಸೂಕ್ಷ್ಮ ತುಂಬ ಜನರಿಗೆ ಹೊಳೆಯುವುದಿಲ್ಲ, ನನಗೂ ಹೊಳೆದಿರಲಿಲ್ಲ. ಬೀದಿಯಲ್ಲಿ ವಿಳಾಸ ಕೇಳಿದಾಗ ಒಬ್ಬರು ಸುಮ್ಮನೆ ನಿಂತರೆ ನಾವು ಮುಂದಿನವರನ್ನು ಕೇಳುತ್ತೇವೆ. "ಆ ಹೆಸರಿನ ಮನೆ ಈ ಬೀದಿಯಲ್ಲಿ ಇಲ್ಲವೇ ಇಲ್ಲ" ಎಂದು ಗಟ್ಟಿಯಾಗಿ ಹೇಳಿದರೆ ವಾಪಸ್ ಹೋಗುತ್ತೇವೆ. ಡಿಎನ್‌ಎಸ್‌ನಲ್ಲಿ ಎನ್‌ಎಕ್ಸ್‌ಡೊಮೈನ್ ಎಂದರೆ ಎರಡನೆಯದು. ಅದು ಕೊನೆಯ ಉತ್ತರ, ಕಂಪ್ಯೂಟರ್ ಮತ್ತೆ ಯಾರನ್ನೂ ಕೇಳುವುದಿಲ್ಲ. ಮೇಲಾಗಿ ಆ 'ಇಲ್ಲ'ವನ್ನು ಸ್ವಲ್ಪ ಹೊತ್ತು ನೆನಪಿನಲ್ಲೂ ಇಟ್ಟುಕೊಳ್ಳುತ್ತದೆ.

ಆವತ್ತಿನಿಂದ ಗೋಡೆ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: ಒಂದು ಕಂಪ್ಯೂಟರ್‌ನ ಡಿಎನ್‌ಎಸ್ ಪಟ್ಟಿಯಲ್ಲಿರುವ ಎಲ್ಲ ಸರ್ವರ್‌ಗಳೂ ಒಂದೇ ಉತ್ತರ ಕೊಡಬೇಕು. ಈ ಹೋಲಿಕೆಯಲ್ಲಿ ಯಾವತ್ತೂ ಬೇಡ ಎಂದು ನಾನು ಹೇಳುವುದು ಇದೊಂದನ್ನೇ. ಇದು ಪೂರ್ತಿ ಕೆಡುವುದಿಲ್ಲ, ಅರ್ಧ ಕೆಡುತ್ತದೆ. ಪೂರ್ತಿ ಕೆಟ್ಟಿದ್ದನ್ನು ಹುಡುಕಬಹುದು.

ಊರಿಗೊಂದು ಡೊಮೈನ್ ಕಂಟ್ರೋಲರ್

ಹುಬ್ಬಳ್ಳಿಯಲ್ಲಿ ನೂರಕ್ಕೂ ಹೆಚ್ಚು ಜನ, ಮೂರು ಪಾಳಿ. ಅಲ್ಲಿ ಪೂರ್ತಿ ಡೊಮೈನ್ ಕಂಟ್ರೋಲರನ್ನೇ ಇಟ್ಟೆ. ಡಿಎನ್‌ಎಸ್ ಮಾಹಿತಿ ಆಕ್ಟಿವ್ ಡೈರೆಕ್ಟರಿಯ ಒಳಗೇ ಇರುವುದರಿಂದ ಬೇರೆ ಫೈಲ್ ಇಲ್ಲ, ಬೇರೆ ವರ್ಗಾವಣೆ ಇಲ್ಲ. ಯಾವ ಊರಿನಲ್ಲಿ ಬದಲಾಯಿಸಿದರೂ ಉಳಿದ ಕಡೆಗೆ ತಾನಾಗಿ ಹೋಗುತ್ತದೆ. ಕೇಬಲ್ ಕಿತ್ತು ನೋಡಿದೆ. ಒಳಗಿನ ಹೆಸರು, ಹೊರಗಿನ ಹೆಸರು, ಲಾಗಿನ್, ಎಲ್ಲವೂ ನಡೆಯಿತು. ಬೇರೆ ಯಾವ ಆಯ್ಕೆಯೂ ಎಲ್ಲರ ಲಾಗಿನ್‌ವರೆಗೆ ಬರಲಿಲ್ಲ.

ಆದರೆ ಮೂರು ಕಡೆ ಎಡವಿದೆ.

ಮೊದಲನೆಯದು ಸೈಟ್‌ಗಳ ವಿಷಯ. ಆಕ್ಟಿವ್ ಡೈರೆಕ್ಟರಿಯ ಲೆಕ್ಕದಲ್ಲಿ ಒಂದೊಂದು ಊರೂ ಒಂದು ಸೈಟ್. ಸರ್ವರ್ ತಂದು ನಿಲ್ಲಿಸಿದರೆ ಸಾಲದು. ಹುಬ್ಬಳ್ಳಿಯ ಐಪಿ ಸಬ್‌ನೆಟ್ (ಅಲ್ಲಿನ ವಿಳಾಸಗಳ ಗುಂಪು) ಹುಬ್ಬಳ್ಳಿ ಸೈಟ್‌ಗೆ ಸೇರಿದ್ದು ಎಂದು ಸೈಟ್ಸ್ ಆಂಡ್ ಸರ್ವಿಸಸ್‌ನಲ್ಲಿ ಬರೆಯಬೇಕು. ಕಂಪ್ಯೂಟರ್‌ಗಳು ಡೊಮೈನ್ ಕಂಟ್ರೋಲರನ್ನು ಹುಡುಕುವುದು ಯಾವ ಸೇವೆ ಯಾವ ಸರ್ವರ್‌ನಲ್ಲಿದೆ ಎಂದು ಹೇಳುವ ಡಿಎನ್‌ಎಸ್‌ನ ಎಸ್‌ಆರ್‌ವಿ ದಾಖಲೆಗಳಿಂದ, ಅವು ಸೈಟ್‌ಗೆ ತಕ್ಕಂತೆ ಬೇರೆ ಬೇರೆ ಇರುತ್ತವೆ. ನಾನು ಒಂದು ಸಬ್‌ನೆಟ್ ಬರೆಯಲು ಮರೆತಿದ್ದೆ. ಆ ಕಂಪ್ಯೂಟರ್‌ಗಳು ಮಗ್ಗುಲಲ್ಲಿ ಸರ್ವರ್ ಇಟ್ಟುಕೊಂಡು ಬೆಂಗಳೂರಿಗೆ ಹೋಗಿ ಲಾಗಿನ್ ಆಗುತ್ತಿದ್ದವು. ನೆಟ್‌ಲಾಗನ್ ಲಾಗ್‌ನಲ್ಲಿ 'ನೋ ಕ್ಲೈಂಟ್ ಸೈಟ್' ಎಂಬ ಸಾಲು ಕಂಡರೆ ಇದೇ ಕಾಯಿಲೆ.

ಎರಡನೆಯದು ತಡ. ಒಂದೇ ಸೈಟ್‌ನ ಒಳಗೆ ಬದಲಾವಣೆ ಕೆಲವು ಸೆಕೆಂಡ್‌ಗಳಲ್ಲಿ ಹರಡುತ್ತದೆ. ಎರಡು ಸೈಟ್‌ಗಳ ನಡುವೆ ಮೊದಲೇ ಇಟ್ಟಿರುವ ಅವಧಿ 180 ನಿಮಿಷ. ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನಲ್ಲಿ ಹೊಸ ಸರ್ವರ್‌ನ ಹೆಸರು ಸೇರಿಸಿ, ಹುಬ್ಬಳ್ಳಿಯವರಿಗೆ "ನೋಡಿ, ರೆಡಿ" ಎಂದು ಹೇಳಿದೆ. ಅವರಿಗೆ ಸಿಕ್ಕಿದ್ದು ಊಟ ಆದ ಮೇಲೆ. ಈ ಅವಧಿಯನ್ನು 15 ನಿಮಿಷಕ್ಕೆ ಇಳಿಸಬಹುದು, ಇಳಿಸಿದೆ. ಅದರ ಮೇಲೆ ಡಿಎನ್‌ಎಸ್ ಸೇವೆಯು ಡೈರೆಕ್ಟರಿಯಲ್ಲಿ ಹೊಸದೇನಿದೆ ಎಂದು ನೋಡುವುದು 180 ಸೆಕೆಂಡಿಗೊಮ್ಮೆ. ಹಾಗಾಗಿ ಹೆಸರು ಸೇರಿಸಿದ ಮೇಲೆ ಒಂದು ಕಾಫಿ ಕುಡಿದು ಬಂದು ಫೋನ್ ಮಾಡುವುದು ಒಳ್ಳೆಯದು. ಅವಸರದಲ್ಲಿ ಯಾರಾದರೂ ಮೊದಲೇ ಆ ಹೆಸರು ಕೇಳಿದರೆ 'ಇಲ್ಲ' ಎಂಬ ಉತ್ತರ ಕ್ಯಾಶ್‌ನಲ್ಲಿ ಕೂತುಬಿಡುತ್ತದೆ.

ಮೂರನೆಯದು ಕರೆಂಟ್. ಒಂದು ರಾತ್ರಿ ಹುಬ್ಬಳ್ಳಿಯಲ್ಲಿ ಕರೆಂಟ್ ಹೋಗಿ, ಯುಪಿಎಸ್ ಬರಿದಾಗಿ, ಸರ್ವರ್ ಮಲಗಿತು. ಬೆಳಿಗ್ಗೆ ಎದ್ದರೂ ಡಿಎನ್‌ಎಸ್ ಎಷ್ಟೋ ಹೊತ್ತು ಏಳಲಿಲ್ಲ. ಲಾಗ್‌ನಲ್ಲಿ 4013ನೇ ಸಂಖ್ಯೆಯ ಎಚ್ಚರಿಕೆ. ನಾನು ಆ ಸರ್ವರ್‌ನ ಡಿಎನ್‌ಎಸ್ ಪಟ್ಟಿಯಲ್ಲಿ ಅದರದ್ದೇ ವಿಳಾಸವನ್ನು ಮಾತ್ರ ಕೊಟ್ಟಿದ್ದೆ. ಆಕ್ಟಿವ್ ಡೈರೆಕ್ಟರಿ ಜೊತೆಗಾರರನ್ನು ಹುಡುಕಲು ಡಿಎನ್‌ಎಸ್ ಬೇಕು. ಡಿಎನ್‌ಎಸ್ ತನ್ನ ವಲಯವನ್ನು (ಡೊಮೈನ್‌ನ ಹೆಸರುಗಳ ಪಟ್ಟಿಯನ್ನು) ತೆರೆಯಲು ಆಕ್ಟಿವ್ ಡೈರೆಕ್ಟರಿ ಬೇಕು. ಹುಚ್ಚು ಬಿಡದೆ ಮದುವೆ ಆಗೋಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ. ಮೊದಲ ಸ್ಥಾನದಲ್ಲಿ ಬೆಂಗಳೂರಿನ ಸರ್ವರ್, ಕೊನೆಯಲ್ಲಿ 127.0.0.1 (ತನ್ನನ್ನೇ ಸೂಚಿಸುವ ವಿಳಾಸ) ಎಂದು ಬದಲಿಸಿದ ಮೇಲೆ ಈ ತೊಂದರೆ ಮತ್ತೆ ಬಂದಿಲ್ಲ.

ಇಷ್ಟಾದರೂ ಹುಬ್ಬಳ್ಳಿಗೆ ಇದೇ ಸರಿ. ಆದರೆ ಎಲ್ಲ ಊರಿಗೂ ಇದನ್ನೇ ಹಾಕಲು ಮನಸ್ಸು ಬರಲಿಲ್ಲ. ವಿಂಡೋಸ್ ಸರ್ವರ್ ಲೈಸೆನ್ಸ್ ಯಂತ್ರಕ್ಕೆ ಕನಿಷ್ಠ 16 ಕೋರ್‌ಗಳ ಲೆಕ್ಕದಲ್ಲಿ ಕೊಳ್ಳಬೇಕು, ಹದಿನೈದು ಜನರ ಶಿವಮೊಗ್ಗಕ್ಕೆ ಅದು ಭಾರ. ದುಡ್ಡಿಗಿಂತ ದೊಡ್ಡ ಹೆದರಿಕೆ ಇನ್ನೊಂದು. ಡೊಮೈನ್ ಕಂಟ್ರೋಲರ್ ಎಂದರೆ ಇಡೀ ಕಂಪನಿಯವರ ಪಾಸ್‌ವರ್ಡ್ ಹ್ಯಾಶ್‌ಗಳು (ಪಾಸ್‌ವರ್ಡ್‌ಗಳ ಗುಪ್ತ ರೂಪ) ಅದರಲ್ಲಿವೆ ಎಂದರ್ಥ. ಬೈಕಂಪಾಡಿಯಲ್ಲಿ 'ಸರ್ವರ್ ರೂಮ್' ಎಂದರೆ ಖಾಲಿ ಪೆಟ್ಟಿಗೆಗಳ ಹಿಂದೆ ಇರುವ ಕಪಾಟು. ಬೀಗ ಇದೆ. ಕೀಲಿ ಕಪಾಟಿನ ಮೇಲೇ ಇರುತ್ತದೆ.

ಇದಕ್ಕೆ ಮದ್ದು ಎಂದು ವಿಂಡೋಸ್ ಸರ್ವರ್ 2008ರಿಂದ ಓದಲು-ಮಾತ್ರ ಡೊಮೈನ್ ಕಂಟ್ರೋಲರ್ ಇದೆ, ಆರ್‌ಓಡಿಸಿ ಎನ್ನುತ್ತಾರೆ. ಅದರ ಡಿಎನ್‌ಎಸ್ ಕೂಡ ಓದಲು ಮಾತ್ರ. ಯಾರ ಪಾಸ್‌ವರ್ಡ್ ಅಲ್ಲಿ ಇರಬೇಕೆಂದು ನಾವೇ ಹೇಳಬಹುದು. ಶಿವಮೊಗ್ಗದಲ್ಲಿ ಎರಡು ತಿಂಗಳು ಓಡಿಸಿದೆ. ಕೆಟ್ಟದ್ದೇನಲ್ಲ, ಆದರೆ ಲೈಸೆನ್ಸ್ ಖರ್ಚು ಅಷ್ಟೇ, ಪ್ಯಾಚ್ ಹಾಕುವ ಕೆಲಸವೂ ಅಷ್ಟೇ. ಪಾಸ್‌ವರ್ಡ್ ಪಟ್ಟಿಗೆ ಸೇರಿಸದ ಹೊಸಬರು ಲಿಂಕ್ ಇಲ್ಲದ ದಿನ ಲಾಗಿನ್ ಆಗೋಕೆ ಹೋದರೆ ಆಗುವುದಿಲ್ಲ. ಹಳಬರು ಹೇಗೂ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಉಳಿದ ಗುರುತಿನಿಂದ ಒಳಗೆ ಹೋಗುತ್ತಾರೆ, ವಿಂಡೋಸ್ ಸಾಮಾನ್ಯವಾಗಿ ಕೊನೆಯ 10 ಜನರನ್ನು ನೆನಪಿಟ್ಟುಕೊಳ್ಳುತ್ತದೆ. ಹಾಗಾದರೆ ಆ ಊರಿಗೆ ನಿಜವಾಗಿ ಬೇಕಾದ್ದು ಡಿಎನ್‌ಎಸ್ ಒಂದೇ.

ಬೈಂಡ್, ಎರಡನೇ ಪ್ರತಿಯಾಗಿ

ಬೈಂಡ್ ಎಂಬ ಡಿಎನ್‌ಎಸ್ ತಂತ್ರಾಂಶ 1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಹಳೇ ಹುಲಿ. ಆಕ್ಟಿವ್ ಡೈರೆಕ್ಟರಿ ಡೊಮೈನ್‌ನ ಡಿಎನ್‌ಎಸ್ ಅನ್ನು ಪೂರ್ತಿ ಬೈಂಡ್‌ನಲ್ಲೇ ನಡೆಸುವವರೂ ಇದ್ದಾರೆ. ನನಗೆ ಆ ಸಾಹಸ ಬೇಡವಾಗಿತ್ತು. ನಾನು ಮಾಡಿದ್ದು ಇಷ್ಟೇ: ಬೈಕಂಪಾಡಿಯಲ್ಲಿ ಡೆಬಿಯನ್ ಲಿನಕ್ಸ್ ಓಡುವ ಒಂದು ಚಿಕ್ಕ ಕಂಪ್ಯೂಟರ್ ಪೆಟ್ಟಿಗೆ, ಅದರಲ್ಲಿ ಬೈಂಡ್. ಬೆಂಗಳೂರಿನ ವಲಯದ ಪೂರ್ತಿ ಪ್ರತಿಯನ್ನು ತಂದು ಇಟ್ಟುಕೊಳ್ಳುತ್ತದೆ. ಒಳಗಿನ ಹೆಸರಿಗೆ ತಾನೇ ಉತ್ತರ ಕೊಡುತ್ತದೆ. ಹೊರಗಿನ ಹೆಸರಿಗೆ ಅಲ್ಲಿನ ಬ್ರಾಡ್‌ಬ್ಯಾಂಡ್ ಮೂಲಕ ತಾನೇ ಹುಡುಕುತ್ತದೆ. ಆ ಪ್ರಶ್ನೆಗಳನ್ನು ಬೆಂಗಳೂರಿಗೆ ದಾಟಿಸಲು ಹೇಳಲೇಬಾರದು, ಹೇಳಿದರೆ ಮೊದಲಿನ ಕಥೆಯೇ. ಈ ಪೆಟ್ಟಿಗೆಯಲ್ಲಿ ಯಾರ ಪಾಸ್‌ವರ್ಡೂ ಇಲ್ಲ. ಕದ್ದುಕೊಂಡು ಹೋದರೆ ಹೆಸರುಗಳ ಪಟ್ಟಿ ಹೋಗುತ್ತದೆ, ಅಷ್ಟೇ.

ವಿಂಡೋಸ್ ಕಡೆ ವಲಯ ವರ್ಗಾವಣೆ ಮೊದಲಿಗೆ ಮುಚ್ಚಿರುತ್ತದೆ. ಆ ಪೆಟ್ಟಿಗೆಯ ಐಪಿಗೆ ಮಾತ್ರ ತೆರೆಯಬೇಕು. 'ಯಾರಿಗಾದರೂ' ಎಂಬ ಆಯ್ಕೆ ಕಣ್ಣಿಗೆ ಬೀಳುತ್ತದೆ, ಮುಟ್ಟಬೇಡಿ. ಡೊಮೈನ್ ಕಂಟ್ರೋಲರ್‌ಗಳ ದಾಖಲೆ ಇರುವ 'ಅಂಡರ್‌ಸ್ಕೋರ್ ಎಂಎಸ್‌ಡಿಸಿಎಸ್' ಎಂಬ ವಲಯ ಬೇರೆಯೇ ಇರುತ್ತದೆ, ಅದನ್ನೂ ತರಬೇಕು. ಮೊದಲ ಸಲ ಮರೆತೆ. ಫೈಲ್ ಸರ್ವರ್ ಸಿಗುತ್ತಿತ್ತು, ಡೊಮೈನ್ ಕಂಟ್ರೋಲರ್ ಮಾತ್ರ ಸಿಗುತ್ತಿರಲಿಲ್ಲ. ಇನ್ನೊಂದು: ಬೈಂಡ್ ತಾನಿರುವ ನೆಟ್‌ವರ್ಕ್‌ನವರಿಗೆ ಮಾತ್ರ ಹೊರಗಿನ ಹೆಸರು ಹುಡುಕಿಕೊಡುತ್ತದೆ. ತೂಕದ ಸೇತುವೆಯ ಕಂಪ್ಯೂಟರ್ ಬೇರೆ ವಿಲ್ಯಾನ್‌ನಲ್ಲಿ (ಪ್ರತ್ಯೇಕಿಸಿದ ಒಳಜಾಲದಲ್ಲಿ) ಇತ್ತು, ಅದಕ್ಕೆ 'ರೆಫ್ಯೂಸ್ಡ್' ಎಂದು ಮುಖಕ್ಕೆ ಹೊಡೆದ ಉತ್ತರ. ಅನುಮತಿಯ ಪಟ್ಟಿಗೆ ಆ ಸಬ್‌ನೆಟ್ ಸೇರಿಸಿದ ಮೇಲೆ ಸರಿಯಾಯಿತು.

ವಲಯವನ್ನು ಎರಡೂ ಡೊಮೈನ್ ಕಂಟ್ರೋಲರ್‌ಗಳಿಂದ ತರುವ ಆಸೆ ಬೇಡ. ಅವು ಇಬ್ಬರೂ ಯಜಮಾನರು. ವಲಯದ ತಲೆಬರಹದಂತಿರುವ ಎಸ್‌ಓಎ ದಾಖಲೆಯ ಸರಣಿ ಸಂಖ್ಯೆ ಎರಡರಲ್ಲೂ ಒಂದೇ ಇರುತ್ತದೆ ಎಂಬ ಖಾತ್ರಿ ಇಲ್ಲ. ಬೈಂಡ್ ಆ ಸಂಖ್ಯೆ ನೋಡಿಯೇ ಹೊಸದೋ ಹಳೆಯದೋ ಎಂದು ಹೇಳುವುದು. ಒಬ್ಬರನ್ನೇ ಹಿಡಿದುಕೊಳ್ಳಿ. ಆ ಸರ್ವರ್ ಸತ್ತರೆ ಇನ್ನೊಂದರ ವಿಳಾಸ ಬರೆದು 'ಆರ್‌ಎನ್‌ಡಿಸಿ ರೀಟ್ರಾನ್ಸ್‌ಫರ್' ಎಂಬ ಆದೇಶ ಕೊಟ್ಟರೆ ಸಂಖ್ಯೆ ನೋಡದೆ ಪೂರ್ತಿ ತಂದುಕೊಳ್ಳುತ್ತದೆ.

ಶನಿವಾರದ ಪರೀಕ್ಷೆಯಲ್ಲಿ ಬೈಂಡ್ ಪೂರ್ತಿ ಅಂಕ ತೆಗೆಯಿತು. ಮೂರು ಗಂಟೆ ಕೇಬಲ್ ಇಲ್ಲ, ಯಾರಿಗೂ ಗೊತ್ತೇ ಆಗಲಿಲ್ಲ. ಗೆದ್ದೆ ಎಂದುಕೊಂಡೆ.

ಆಮೇಲೆ ನಿಜವಾದ ಮಳೆ ಬಂತು. ಘಾಟಿಯಲ್ಲಿ ಮಣ್ಣು ಜರಿದು ಲಿಂಕ್ ಹೋಯಿತು, ರಿಪೇರಿಯವರಿಗೆ ಅಲ್ಲಿಗೆ ತಲುಪಲು ದಾರಿಯೇ ಇಲ್ಲ. ಮೊದಲ ದಿನ ಎಲ್ಲ ಸುಸೂತ್ರ. ಮಾರನೇ ದಿನ, ಲಿಂಕ್ ಹೋಗಿ ಸರಿಯಾಗಿ ಒಂದು ದಿನ ಆಗುವ ಹೊತ್ತಿಗೆ, ಒಳಗಿನ ಒಂದು ಹೆಸರೂ ಸಿಗದಂತಾಯಿತು. ಪೆಟ್ಟಿಗೆ ಓಡುತ್ತಿದೆ, ಬೈಂಡ್ ಓಡುತ್ತಿದೆ, ಫೈಲ್ ಡಿಸ್ಕ್‌ನಲ್ಲೇ ಇದೆ. ಉತ್ತರ ಮಾತ್ರ ಸರ್ವ್‌ಫೇಲ್, ಅಂದರೆ ಉತ್ತರ ಕೊಡಲು ನನ್ನಿಂದಾಗದು ಎಂದು.

ಎಸ್‌ಓಎ ದಾಖಲೆಯಲ್ಲಿ ಎಕ್ಸ್‌ಪೈರ್ ಎಂಬ ಒಂದು ಸಂಖ್ಯೆ ಇದೆ. ಯಜಮಾನನ ಜೊತೆ ಇಷ್ಟು ಹೊತ್ತು ಮಾತಾಡಲು ಆಗದಿದ್ದರೆ ತನ್ನ ಪ್ರತಿಯನ್ನು ನಂಬಬೇಡ, ಬಾಯಿ ಮುಚ್ಚು ಎಂದು ಎರಡನೇ ಸರ್ವರ್‌ಗೆ ಹೇಳುವ ಸಂಖ್ಯೆ ಅದು. ವಿಂಡೋಸ್ ತಾನಾಗಿ ಅಲ್ಲಿ ಬರೆಯುವುದು 86400 ಸೆಕೆಂಡ್, ಅಂದರೆ 1 ದಿನ. ಡೊಮೈನ್ ಕಂಟ್ರೋಲರ್‌ಗಳ ನಡುವೆ ಈ ಸಂಖ್ಯೆಗೆ ಬೆಲೆಯೇ ಇಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ. ಎರಡನೇ ಪ್ರತಿ ಇಟ್ಟವರಿಗೆ ಅದೇ ಗಂಡಾಂತರ. 1996ರ ಆರ್‌ಎಫ್‌ಸಿ 1912 (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) ಇದಕ್ಕೆ 2ರಿಂದ 4 ವಾರ ಇಡಿ ಎನ್ನುತ್ತದೆ. ನಾನೀಗ 14 ದಿನ ಇಟ್ಟಿದ್ದೇನೆ. ಮೂರು ಗಂಟೆಯ ಪರೀಕ್ಷೆ ಎಷ್ಟು ಸಲ ಮಾಡಿದ್ದರೂ ಇದು ಸಿಗುತ್ತಿರಲಿಲ್ಲ.

ಇದೇ ಸ್ವಭಾವ ದೊಡ್ಡವರನ್ನೂ ಬಿಟ್ಟಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಸುಮಾರು ಆರು ಗಂಟೆ ನಿಂತಿದ್ದು ನೆನಪಿದೆಯಲ್ಲ. ಅವರ ಡಿಎನ್‌ಎಸ್ ಸರ್ವರ್‌ಗಳು ಚೆನ್ನಾಗಿಯೇ ಇದ್ದವು. ಡೇಟಾ ಸೆಂಟರ್ ಜೊತೆ ಮಾತು ಕಡಿದ ಕೂಡಲೇ ನಮ್ಮಲ್ಲೇ ಏನೋ ಕೆಟ್ಟಿದೆ ಎಂದುಕೊಂಡು ತಮ್ಮ ದಾರಿಯನ್ನು ಇಂಟರ್ನೆಟ್‌ನಿಂದ ತಾವೇ ವಾಪಸ್ ತೆಗೆದುಕೊಂಡವು.

ಅನ್‌ಬೌಂಡ್ ಮತ್ತು ಡಿಎನ್‌ಎಸ್‌ಮಾಸ್ಕ್

ಇವೂ ಡಿಎನ್‌ಎಸ್ ತಂತ್ರಾಂಶಗಳೇ, ಎರಡನ್ನೂ ಒಟ್ಟಿಗೆ ಹೇಳುತ್ತೇನೆ. ನಾನು ಬಳಸಿದ ರೀತಿಯಲ್ಲಿ ಎರಡಕ್ಕೂ ವಲಯದ ಪ್ರತಿ ಇಲ್ಲ. ಕೇಳಿದ್ದನ್ನು ಹುಡುಕಿ ತಂದು ನೆನಪಿಟ್ಟುಕೊಳ್ಳುತ್ತವೆ. ನಮ್ಮ ಡೊಮೈನ್ ಆದರೆ ಬೆಂಗಳೂರನ್ನು ಕೇಳು, ಉಳಿದಿದ್ದಕ್ಕೆ ಹೊರಗೆ ಹೋಗು ಎಂದು ಒಂದೆರಡು ಸಾಲು ಬರೆದರೆ ಕೆಲಸ ಮುಗಿಯಿತು.

ಶಿವಮೊಗ್ಗದಲ್ಲಿ ಆರ್‌ಓಡಿಸಿ ತೆಗೆದು ಅನ್‌ಬೌಂಡ್ ಹಾಕಿದೆ. ಅದು ಭದ್ರತೆ ಜಾಸ್ತಿ ನೋಡುವ ಪ್ರಾಣಿ, ನಮ್ಮ ಒಳಗಿನ ಡೊಮೈನ್ ಅದಕ್ಕೆ ಕಳ್ಳನ ಹಾಗೆ ಕಂಡಿತು. ಉತ್ತರ ಅಸಲಿ ಎಂದು ತೋರಿಸುವ ಡಿಎನ್‌ಎಸ್‌ಸೆಕ್ ಸಹಿ ಇಲ್ಲ, ಉತ್ತರದಲ್ಲಿ 10ರಿಂದ ಶುರುವಾಗುವ ಖಾಸಗಿ ವಿಳಾಸ. ಈ ಡೊಮೈನ್‌ಗೆ ಸಹಿ ಕೇಳಬೇಡ, ಇದಕ್ಕೆ ಖಾಸಗಿ ವಿಳಾಸ ಬಂದರೆ ಪರವಾಗಿಲ್ಲ ಎಂದು ಒಂದೊಂದು ಸಾಲು ಬರೆಯಬೇಕಾಯಿತು. ವಿಳಾಸದಿಂದ ಹೆಸರು ಹುಡುಕುವುದೂ ನಡೆಯಲಿಲ್ಲ, ಖಾಸಗಿ ವಿಳಾಸಗಳಿಗೆ ಅದು ತಾನೇ 'ಇಲ್ಲ' ಎಂದು ಹೇಳಿಬಿಡುತ್ತದೆ. ಅದಕ್ಕೆ ಇನ್ನೊಂದು ಸಾಲು.

ಲಿಂಕ್ ಹೋದಾಗ ಇದರ ಕೈಯಲ್ಲಿ ಇರುವುದು ಹಳೆಯ ನೆನಪು ಮಾತ್ರ. 'ಸರ್ವ್-ಎಕ್ಸ್‌ಪೈರ್ಡ್' ಹಾಕಿದರೆ ಅವಧಿ ಮುಗಿದ ಉತ್ತರವನ್ನೂ ಕೊಡುತ್ತದೆ. ದಿನಾ ಬಳಸುವ ಪ್ರಿಂಟರ್, ಫೈಲ್ ಸರ್ವರ್ ಸಿಕ್ಕವು. ತಿಂಗಳಿಗೊಮ್ಮೆ ತೆರೆಯುವ ಹಾಜರಾತಿ ಯಂತ್ರದ ಹೆಸರು ಸಿಗಲಿಲ್ಲ. ಹದಿನೈದು ಜನಕ್ಕೆ ಇದು ಸಾಕು ಎಂದು ನನ್ನ ಲೆಕ್ಕ. ಅನ್‌ಬೌಂಡ್ ಕೂಡ ಬೇಕಾದರೆ ವಲಯದ ಪ್ರತಿ ತಂದು ಇಟ್ಟುಕೊಳ್ಳಬಲ್ಲದು, ಮುಂದೆ ಎಂದಾದರೂ ಹಾಗೆ ಮಾಡಿಯೇನು. ಬೈಂಡ್ ಕೈಗೆ ಹತ್ತಿದ್ದರಿಂದ ಅತ್ತ ಹೋಗಲಿಲ್ಲ, ಸುಮ್ನೆ ಸೋಮಾರಿತನ.

ಹೊಸೂರಿಗೆ ರೂಟರ್‌ನಲ್ಲೇ ಇದ್ದ ಡಿಎನ್‌ಎಸ್‌ಮಾಸ್ಕ್. ಒಂದು ಸಾಲಿನ ಕೆಲಸ. ಅದು ಮೊದಲಿಗೆ ನೆನಪಿಡುವುದು 150 ಹೆಸರು ಮಾತ್ರ, ಅದನ್ನು ಹೆಚ್ಚಿಸಿದೆ. ಲಿಂಕ್ ಹೋದರೆ ಒಳಗಿನ ಹೆಸರು ಸಿಗುವುದಿಲ್ಲ, ಇಂಟರ್ನೆಟ್ ಸಿಗುತ್ತದೆ. ಅಲ್ಲಿನ ಆರು ಜನಕ್ಕೆ ಬೇಕಾದ್ದೂ ಮೇಲ್ ಮತ್ತು ಪೋರ್ಟಲ್ ಅಷ್ಟೇ.

ಈಗ ಎಲ್ಲಿ ಏನಿದೆ

ಪೀಣ್ಯದಲ್ಲಿ ಎರಡು ಡೊಮೈನ್ ಕಂಟ್ರೋಲರ್, ಹುಬ್ಬಳ್ಳಿಯಲ್ಲಿ ಒಂದು, ಬೈಕಂಪಾಡಿಯಲ್ಲಿ ಬೈಂಡ್, ಶಿವಮೊಗ್ಗದಲ್ಲಿ ಅನ್‌ಬೌಂಡ್, ಹೊಸೂರಿನಲ್ಲಿ ಡಿಎನ್‌ಎಸ್‌ಮಾಸ್ಕ್. ಎಲ್ಲ ಕಡೆ ಜನ ಬಳಸುವ ಕಂಪ್ಯೂಟರ್‌ಗಳ ಡಿಎನ್‌ಎಸ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿ ಆ ಊರಿನ ಸರ್ವರ್, ಎರಡನೆಯದಾಗಿ ಪೀಣ್ಯ. ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ. ನೋಡಲು ಕಂಬಳಿ ತೇಪೆಯ ಹಾಗಿದೆ, ಒಪ್ಪುತ್ತೇನೆ. ಎಲ್ಲ ಕಡೆ ಒಂದೇ ಇರಲಿ ಎನ್ನುವವರು ಚಿಕ್ಕ ಊರುಗಳಿಗೆಲ್ಲ ಬೈಂಡ್ ಹಾಕಲಿ, ಎಕ್ಸ್‌ಪೈರ್ ಹೆಚ್ಚಿಸುವುದನ್ನು ಮಾತ್ರ ಮರೆಯಬಾರದು. ಲಿನಕ್ಸ್ ಮುಟ್ಟುವವರೇ ಇಲ್ಲದ ಕಚೇರಿಯಾದರೆ ದುಡ್ಡು ಕೊಟ್ಟು ಆರ್‌ಓಡಿಸಿ ಇಡುವುದೇ ವಾಸಿ. ರಾತ್ರಿ ಎರಡಕ್ಕೆ ಕೆಟ್ಟಾಗ ಸರಿ ಮಾಡುವವರಿಗೆ ಏನು ಗೊತ್ತಿದೆ ಎನ್ನುವುದೂ ಲೆಕ್ಕಕ್ಕೆ ಬರಬೇಕು.

ಡೊಮೈನ್ ಹೆಸರಿನ ಬಗ್ಗೆ ಒಂದು ಮಾತು. ನಮ್ಮದು 'ಡಾಟ್ ಲೋಕಲ್' ಎಂದು ಮುಗಿಯುತ್ತದೆ, ನನಗಿಂತ ಮೊದಲಿದ್ದವರು ಇಟ್ಟದ್ದು. 2013ರ ಆರ್‌ಎಫ್‌ಸಿ 6762 ಆ ಹೆಸರನ್ನು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ (ಸರ್ವರ್ ಇಲ್ಲದೆ ಅಕ್ಕಪಕ್ಕದ ಯಂತ್ರಗಳನ್ನೇ ಕೇಳಿ ಹೆಸರು ಹುಡುಕುವ ವಿಧಾನ) ಕೊಟ್ಟುಬಿಟ್ಟಿದೆ. ಹಾಗಾಗಿ ಡಿಸೈನ್ ವಿಭಾಗದ ಮ್ಯಾಕ್‌ಗಳು ಆಗಾಗ ತಕರಾರು ಮಾಡುತ್ತವೆ. ಹೊಸದಾಗಿ ಕಟ್ಟುವವರು ತಾವು ಕೊಂಡಿರುವ ಡೊಮೈನ್‌ನ ಕೆಳಗೇ ಒಂದು ಉಪಹೆಸರು ಇಟ್ಟುಕೊಳ್ಳಲಿ. 2024ರಲ್ಲಿ ಡೊಮೈನ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 'ಡಾಟ್ ಇಂಟರ್ನಲ್' ಅನ್ನು ಖಾಸಗಿ ಬಳಕೆಗೆಂದೇ ಮೀಸಲಿಟ್ಟಿದೆ, ಅದೂ ಆದೀತು.

ಹುಬ್ಬಳ್ಳಿಗೆ ಎರಡನೇ ಸರ್ವರ್ ಬೇಕು ಎಂದು ಬರೆದು ಕೊಟ್ಟಿದ್ದೇನೆ. ಫೈಲ್ ಇನ್ನೂ ಅಕೌಂಟ್ಸ್ ಮೇಜಿನ ಮೇಲಿದೆ. ಅಲ್ಲಿಯವರೆಗೆ ಅಲ್ಲಿಯೂ ಒಂದು ಬೈಂಡ್ ಪೆಟ್ಟಿಗೆ ಇಡುವ ಯೋಚನೆ ಇದೆ. ಒಂದು ಹಳೇ ಪೆಟ್ಟಿಗೆ ಹೇಗೂ ನನ್ನ ಮೇಜಿನ ಕೆಳಗೆ ಬಿದ್ದಿದೆ.